ಓದುಗರ ಪ್ರಶ್ನೆ, ನಮ್ಮ ಉತ್ತರ: ಉಸಿರು ಅಳೆಯುವ ಡಬ್ಬ, ಊದುವ ಕೊಳವೆ

ಪ್ರಶ್ನೆ: ನಮ್ಮ ಕಾಲೇಜಿನ ಪ್ರಯೋಗಾಲಯದ ಅಟ್ಟ ಗುಡಿಸುವಾಗ ಒಂದು ಹಳೆಯ ಸಾಧನ ಸಿಕ್ಕಿತು. ಒಂದರೊಳಗೊಂದು ಕೂತ ತಗಡಿನ ಎರಡು ಡಬ್ಬ, ಮೇಲೆ ರಾಟೆ, ದಾರದ ತುದಿಗೆ ತೂಕ, 0ಯಿಂದ 6ರವರೆಗೆ ಗುರುತು. ಶ್ವಾಸಕೋಶ ಅಳೆಯುವುದು ಎನ್ನುತ್ತಾರೆ. ಎಷ್ಟು ಹಳೆಯ ವಿದ್ಯೆ ಇದು? ವಿದ್ಯಾರ್ಥಿಗಳಿಗೆ ಮಾಡಿ ತೋರಿಸಬಹುದೇ?
— ಸರಸ್ವತಿಪುರಂ, ಮೈಸೂರು

ಉತ್ತರ: ಗುಜರಿಗೆ ಹಾಕಬೇಡಿ. ಅದು ನೀರಿನ ಸ್ಪೈರೋಮೀಟರ್. ಹಂಡೆಯ ನೀರಿನಲ್ಲಿ ಚೊಂಬನ್ನು ಬೋರಲು ಹಾಕಿ ಕೆಳಗಿನಿಂದ ಗಾಳಿ ಊದಿದರೆ ಚೊಂಬು ಮೇಲೇಳುತ್ತದಲ್ಲ, ಅಷ್ಟೇ ಇದರ ತತ್ವ. ರಾಟೆಯ ಮೇಲಿನ ತೂಕ ಒಳಡಬ್ಬದ ಭಾರವನ್ನು ಸರಿದೂಗಿಸುತ್ತದೆ, ಆದ್ದರಿಂದ ಊದುವವರಿಗೆ ಡಬ್ಬ ಎತ್ತುವ ಶ್ರಮವಿಲ್ಲ. ಈ ರೂಪ ಕೊಟ್ಟವನು ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್ಸನ್. 1846ರಲ್ಲಿ ಪ್ರಕಟಿಸಿದ ಪ್ರಬಂಧಕ್ಕಾಗಿ ಆತ ನಾವಿಕರು, ಪೊಲೀಸರು, ಕುಸ್ತಿಪಟುಗಳು ಸೇರಿ 2,130 ಜನರನ್ನು ಊದಿಸಿದ್ದ. ಎದೆ ತುಂಬಿಸಿ ಪೂರ್ತಿ ಊದಿದರೆ ಹೊರಬರುವ ಗಾಳಿಗೆ 'ವೈಟಲ್ ಕೆಪ್ಯಾಸಿಟಿ' ಎಂಬ ಹೆಸರೂ ಅವನದೇ. ಅದಕ್ಕೂ ಮೊದಲು, 1800ರಲ್ಲಿ, ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಹೈಡ್ರೋಜನ್ ಉಸಿರಾಡಿ, ಪೂರ್ತಿ ಊದಿದ ಮೇಲೂ ಎದೆಯಲ್ಲಿ ಉಳಿಯುವ ಗಾಳಿಯನ್ನು ಲೆಕ್ಕ ಹಾಕಿದ್ದ. ಆ ಉಳಿಕೆಯನ್ನು ನಿಮ್ಮ ಡಬ್ಬವಾಗಲಿ, ಇಂದಿನ ಮಾಮೂಲಿ ಸ್ಪೈರೋಮೀಟರ್ ಆಗಲಿ ತೋರಿಸದು.

ಬಳಸುವ ಮುನ್ನ ಸೋರಿಕೆ ನೋಡಿ. ಹೊರಡಬ್ಬಕ್ಕೆ ಗುರುತಿನವರೆಗೆ ನೀರು ತುಂಬಿ ಒಂದು ರಾತ್ರಿ ಬಿಡಿ, ನೀರು ಕೋಣೆಯ ಉಷ್ಣಾಂಶಕ್ಕೆ ಬರಲಿ. ಒಳಡಬ್ಬವನ್ನು 3 ಲೀಟರ್‌ವರೆಗೆ ಎತ್ತಿ, ಊದುವ ಕೊಳವೆಗೆ ಬಿರಡೆ ಒತ್ತಿ, ಡಬ್ಬದ ನೆತ್ತಿಯ ಮೇಲೆ ಚಿಕ್ಕ ತೂಕವಿಡಿ. ಆಸ್ಪತ್ರೆಯ ಯಂತ್ರಗಳಿಗೆ ನಿಮಿಷಕ್ಕೆ 30 ಮಿ.ಲೀ. ಮೀರಿ ಇಳಿಯಬಾರದೆಂಬ ನಿಯಮವಿದೆ. ಈ ಗುರುತುಗಳಲ್ಲಿ ಅಷ್ಟು ಸಣ್ಣದು ಕಣ್ಣಿಗೆ ಬೀಳದು, ಐದು ನಿಮಿಷ ಕಾಯಿರಿ. ಮುಳ್ಳು 150 ಮಿ.ಲೀ.ಗಿಂತ ಹೆಚ್ಚು ಜಾರಿದರೆ ಸೋಪಿನ ನೀರು ಸವರಿ ಗುಳ್ಳೆ ಹುಡುಕಿ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಸೀಳುಬಿಟ್ಟ ರಬ್ಬರ್ ಕೊಳವೆ. ಅದಲ್ಲದಿದ್ದರೆ ನೆತ್ತಿಯ ಬೆಸುಗೆಯಲ್ಲಿ ತುಕ್ಕು.

ಗುರುತುಗಳು ನಿಜ ಹೇಳುತ್ತಿವೆಯೇ ಎಂದು ತಿಳಿಯಲು 3 ಲೀಟರಿನ ಕ್ಯಾಲಿಬ್ರೇಷನ್ ಸಿರಿಂಜ್ (ಅಳೆದಷ್ಟೇ ಗಾಳಿ ತಳ್ಳುವ ದೊಡ್ಡ ಸಿರಿಂಜ್) ಬೇಕು. ಇಲ್ಲದಿದ್ದರೆ 5 ಲೀಟರ್ ಕ್ಯಾನಿಗೆ ಎರಡು ತೂತಿನ ಬಿರಡೆ ಹಾಕಿ, ಒಂದರಲ್ಲಿ ಕ್ಯಾನಿನ ತಳ ಮುಟ್ಟುವ ಲಾಳಿಕೆ, ಇನ್ನೊಂದರಿಂದ ಡಬ್ಬಕ್ಕೆ ಕೊಳವೆ ಕೊಡಿ. ಲಾಳಿಕೆಯ ಕೆಳತುದಿ ಮುಳುಗುವಷ್ಟು ನೀರು ಮೊದಲೇ ಇರಲಿ, ಇಲ್ಲದಿದ್ದರೆ ಗಾಳಿ ಅಲ್ಲಿಂದಲೇ ಹೊರಡುತ್ತದೆ. ಅಳತೆ ಮಾಡಿ 3 ಲೀಟರ್ ಸುರಿದರೆ ಮುಳ್ಳು 3ಕ್ಕೆ ಏರಬೇಕು.

ಊದಿದ ಗಾಳಿಗೆ ಮಾತ್ರ ಇನ್ನೊಂದು ಲೆಕ್ಕವಿದೆ. 37 ಡಿಗ್ರಿಯ ಒದ್ದೆ ಉಸಿರು ಡಬ್ಬದಲ್ಲಿ ತಣ್ಣಗಾಗಿ ಕುಗ್ಗುತ್ತದೆ. ನೀರು 25 ಡಿಗ್ರಿ ಇದ್ದರೆ ಬಂದ ಅಂಕಿಯನ್ನು 1.075ರಿಂದ ಗುಣಿಸಿ: 3.20 ಲೀಟರ್ ನಿಜಕ್ಕೆ 3.44. ಇದನ್ನು ಮರೆತು 'ನಮ್ಮ ಹುಡುಗರ ಎದೆ ಚಿಕ್ಕದು' ಅಂದುಬಿಡುವುದು ಸುಲಭ. ಒಬ್ಬೊಬ್ಬರಿಗೂ ಹೊಸ ರಟ್ಟಿನ ಕೊಳವೆ ಕೊಡಿ, ಹೊರಕ್ಕೆ ಊದುವುದಷ್ಟೇ, ಡಬ್ಬದ ಗಾಳಿ ಒಳಕ್ಕೆ ಎಳೆಯಕೂಡದು.

ಆಸ್ಪತ್ರೆಗಳಿಂದ ಇದು ಹೊರಬಿದ್ದದ್ದೇಕೆ? 1947ರಲ್ಲಿ ಫ್ರಾನ್ಸಿನ ಟಿಫೆನೊ ಮತ್ತು ಪಿನೆಲ್ಲಿ, ಒಟ್ಟು ಎಷ್ಟು ಗಾಳಿ ಎನ್ನುವುದರ ಜೊತೆಗೆ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಬಂತು ಎಂಬುದನ್ನೂ ನೋಡಬೇಕೆಂದರು. ಇಂದಿನ ಎಫ್‌ಇವಿ1 ಅದೇ. ಜೋರಾಗಿ ಊದಿದಾಗ ಭಾರದ ತಗಡು ತಡವಾಗಿ ಏಳುತ್ತದೆ, ಎದ್ದಮೇಲೆ ಮಿತಿ ಮೀರಿ ನೆಗೆಯುತ್ತದೆ. ಹಗುರ ಪ್ಲಾಸ್ಟಿಕ್ ಡಬ್ಬ, ತಿದಿಯಂಥ ಒಣ ಸಾಧನ ಬಂದವು. ಸ್ವಿಸ್ ವಿಜ್ಞಾನಿ ಫ್ಲೈಶ್ 1925ರಲ್ಲೇ ರೂಪಿಸಿದ್ದ ನ್ಯೂಮೋಟ್ಯಾಕೋಗ್ರಾಫ್ ಬೇರೆಯೇ ದಾರಿ: ಸಣ್ಣ ನಳಿಕೆಗಳ ಕಟ್ಟಿನ ಎರಡು ಕಡೆಯ ಒತ್ತಡದ ವ್ಯತ್ಯಾಸದಿಂದ ಗಾಳಿಯ ವೇಗ ತಿಳಿಯುವುದು. ಇಂದು ಮೇಜಿನ ಮೇಲಿರುವ ಯಂತ್ರಗಳಲ್ಲಿ ಇದು, ತಿರುಗುವ ಟರ್ಬೈನ್, ಇಲ್ಲವೇ ಅಲ್ಟ್ರಾಸೌಂಡ್ ಇರುತ್ತದೆ.

ಪ್ರಶ್ನೆ: ನಮ್ಮಪ್ಪ ಇಪ್ಪತ್ತು ವರ್ಷ ಆಲೆಮನೆಯಲ್ಲಿ ಕೊಪ್ಪರಿಗೆಗೆ ಉರಿ ಹಾಕಿದವರು. ಆಸ್ಪತ್ರೆಯಲ್ಲಿ 'ಊದಿ, ಊದಿ' ಅಂತ ಆರು ಸಲ ಊದಿಸಿದರು, ಒಂದೊಂದು ಸಲ ಒಂದೊಂದು ಅಂಕಿ. ಮಿಷನ್ ಕೆಟ್ಟಿದೆಯೋ, ಅಪ್ಪ ಊದಿದ್ದೇ ತಪ್ಪೋ?
— ಪಾಂಡವಪುರ

ಉತ್ತರ: ಆರು ಸಲ ಊದಿಸಿದ್ದರೆ ಆ ಟೆಕ್ನಿಷಿಯನ್ ಕೆಲಸ ಬಲ್ಲವರು. ಕನಿಷ್ಠ ಮೂರು ಸರಿಯಾದ ಊದು ಬೇಕು, ಅವುಗಳಲ್ಲಿ ಅತಿ ಹೆಚ್ಚಿನ ಎರಡರ ನಡುವೆ 150 ಮಿ.ಲೀ.ಗಿಂತ ಹೆಚ್ಚು ಅಂತರ ಇರಬಾರದು. ದೊಡ್ಡವರಿಗೆ ಸಾಮಾನ್ಯವಾಗಿ ಎಂಟು ಸಲಕ್ಕೆ ನಿಲ್ಲಿಸುತ್ತಾರೆ. ಅಷ್ಟರಲ್ಲೂ ಹೊಂದದಿದ್ದರೆ ವರದಿಯಲ್ಲಿ ಹಾಗೆಂದು ಬರೆದಿರಬೇಕು.

ತಪ್ಪುಗಳು ಪರದೆಯ ಗೆರೆಯಲ್ಲೇ ಕಾಣುತ್ತವೆ. ಸರಿಯಾದ ಊದು ತಟ್ಟನೆ ಮೇಲೆದ್ದು, ಮೊನಚಾದ ತುದಿ ಮಾಡಿ, ನಿಧಾನ ಇಳಿಯುತ್ತದೆ. ತುದಿ ದುಂಡಗಿದ್ದರೆ ಹಿಂಜರಿದು ಊದಿದ್ದಾರೆ. ಮೊದಲ ಸೆಕೆಂಡಿನಲ್ಲೇ ಗೆರೆ ಗರಗಸದಂತಾದರೆ ಕೆಮ್ಮು. ಕಡಿದಂತೆ ನಿಂತರೆ ಬೇಗ ಬಿಟ್ಟಿದ್ದಾರೆ. ಬೀಡಿ, ಹೊಗೆಯಿಂದ ಉಸಿರುನಳಿಕೆ ಕಿರಿದಾದವರಿಗೆ ಗಾಳಿ ಪೂರ್ತಿ ಖಾಲಿಯಾಗಲು ಹತ್ತು ಸೆಕೆಂಡ್ ದಾಟಬಹುದು, ಅವರು ನಡುವೆ ಬಿಟ್ಟರೆ ಒಟ್ಟು ಗಾಳಿ, ಅಂದರೆ ಎಫ್‌ವಿಸಿ, ಕಡಿಮೆ ಬಂದು ಎಫ್‌ಇವಿ1ರ ಜೊತೆಗಿನ ಅನುಪಾತ ಸುಳ್ಳಾಗಿ ಚೆನ್ನಾಗಿ ಕಾಣುತ್ತದೆ. ಕಾಯಿಲೆ ಮುಚ್ಚಿಹೋಗುವುದು ಹೀಗೆ.

ಮುಂದಿನ ಸಲ ಅಪ್ಪನಿಗೆ ಹೇಳಿ: ಗಟ್ಟಿ ಕೂತಿರುವ ಹಲ್ಲಿನ ಸೆಟ್ಟು ಬಾಯಲ್ಲೇ ಇರಲಿ, ಅಲ್ಲಾಡುವುದಾದರೆ ತೆಗೆಯಿರಿ. ನಾಲಗೆ ಕೊಳವೆಯ ಬಾಯಿ ಮುಚ್ಚದಿರಲಿ. ಒಂದು ಗಂಟೆ ಮೊದಲಿನಿಂದ ಬೀಡಿ ಬೇಡ. ಉಸಿರುನಳಿಕೆ ಹಿಗ್ಗಿಸುವ ಸಾಲ್ಬುಟಮಾಲ್ ಪಂಪ್ ಬಳಸುವವರು ನಾಲ್ಕರಿಂದ ಆರು ಗಂಟೆ ಬಿಡಬೇಕಾಗುತ್ತದೆ, ಆದರೆ ಡಾಕ್ಟರನ್ನು ಕೇಳಿಯೇ. ಈ ಔಷಧ ಕೊಟ್ಟು ಮತ್ತೆ ಊದಿಸುವಾಗ ಸಾಮಾನ್ಯವಾಗಿ 100 ಮೈಕ್ರೋಗ್ರಾಮಿನ ನಾಲ್ಕು ಪಫ್ ಸ್ಪೇಸರ್‌ನಲ್ಲಿ (ಪಂಪಿಗೆ ಸಿಕ್ಕಿಸುವ ಟೊಳ್ಳು ಡಬ್ಬಿ) ಕೊಟ್ಟು 15 ನಿಮಿಷ ಕಾಯಿಸುತ್ತಾರೆ. ಕಾಯದೆ ಮಾಡಿದ ಎರಡನೇ ಸುತ್ತಿಗೆ ಅರ್ಥವಿಲ್ಲ.

ಯಂತ್ರವೂ ಕೆಟ್ಟಿರಬಹುದು. ಪರೀಕ್ಷೆ ನಡೆಯುವ ಪ್ರತಿದಿನ 3 ಲೀಟರ್ ಸಿರಿಂಜ್ ತಳ್ಳಿ ನೋಡಬೇಕು, ಅಂಕಿ 2.91ರಿಂದ 3.09ರೊಳಗೆ ಬರಬೇಕು. 'ಬೆಳಗ್ಗೆ ಸಿರಿಂಜ್ ಚೆಕ್ ಆಯಿತೇ?' ಎಂದು ಕೇಳಲು ಸಂಕೋಚ ಬೇಡ.

ಪ್ರಶ್ನೆ: ಬೆಂಗಳೂರಿನ ವರದಿಯಲ್ಲಿ ನನ್ನ ಎಫ್‌ಇವಿ1 ಶೇ. 71, ಮೈಸೂರಿನಲ್ಲಿ ಶೇ. 83. ಎರಡರಲ್ಲೂ 2.10 ಲೀಟರ್ ಎಂದೇ ಇದೆ! ಯಾವುದು ನಿಜ?
— ಮಂಡ್ಯ

ಉತ್ತರ: 2.10 ನಿಜ. ಶೇಕಡಾವಾರು ನಿಂತಿರುವುದು 'ನಿಮ್ಮಂಥವರಿಗೆ ಎಷ್ಟಿರಬೇಕು' ಎಂಬ ಅಂದಾಜಿನ ಮೇಲೆ. ಒಂದು ಯಂತ್ರ 2.96 ಇರಬೇಕೆಂದಿದೆ, ಇನ್ನೊಂದು 2.53. ಯುರೋಪಿಯನ್ನರ ಸೂತ್ರದಿಂದ ಭಾರತೀಯರಿಗೆಂದು ಶೇ. 10–15 ಕಳೆಯುವ ಸೆಟ್ಟಿಂಗ್ ಹಲವು ಯಂತ್ರಗಳಲ್ಲಿದೆ, ಇಲ್ಲಿ ಆಗಿರುವುದು ಬಹುಶಃ ಅದೇ. ಎತ್ತರದೊಂದಿಗಿನ ನಂಟನ್ನು ಹಚಿನ್ಸನ್ನೇ ಕಂಡಿದ್ದ: ಇಂಚಿಗೆ 8 ಘನ ಇಂಚು, ಅಂದರೆ ಸುಮಾರು 131 ಮಿ.ಲೀ. ಜನಾಂಗದ ಲೆಕ್ಕ ಆಮೇಲೆ ಸೇರಿದ್ದು, ಅದರ ಹಿಂದೆ ಅಮೆರಿಕದ ಗುಲಾಮಗಿರಿಯನ್ನು ಸಮರ್ಥಿಸಿದ ವೈದ್ಯ ಕಾರ್ಟ್‌ರೈಟ್‌ನಂಥವರ ಕೊಳಕು ವಾದಗಳೂ ಇವೆ. ಜಿಎಲ್‌ಐ ಎಂಬ ಅಂತರರಾಷ್ಟ್ರೀಯ ತಂಡದ 2012ರ ಸೂತ್ರಗಳಲ್ಲಿ ಭಾರತೀಯರಿಗೆ ಪ್ರತ್ಯೇಕ ಗುಂಪು ಇರಲಿಲ್ಲ, 2022ರದ್ದರಲ್ಲಿ ಜನಾಂಗವನ್ನೇ ಬಿಟ್ಟಿದ್ದಾರೆ. ಹೋಲಿಸುವುದಾದರೆ ಲೀಟರ್ ಹೋಲಿಸಿ, ಸೂತ್ರದ ಹೆಸರು ವರದಿಯಲ್ಲಿ ಬರೆಸಿಕೊಳ್ಳಿ. ಎತ್ತರವನ್ನು ಚಪ್ಪಲಿ ಬಿಚ್ಚಿ ಅಳೆದರೋ, ಬಾಯಿಮಾತಿಗೆ ಬರೆದುಕೊಂಡರೋ ಅದನ್ನೂ ನೋಡಿ. ಬೆನ್ನು ಬಾಗಿದವರಿಗೆ ಎರಡೂ ತೋಳು ಚಾಚಿಸಿ ಅಳೆಯುತ್ತಾರೆ.

ಪ್ರಶ್ನೆ: ಕೋವಿಡ್ ಕಾಲದಲ್ಲಿ ಕೊಂಡ ಮೂರು ಚೆಂಡಿನ ಡಬ್ಬಿ ಮನೆಯಲ್ಲಿದೆ. ಅದರಲ್ಲೇ ಊದಿ ಪರೀಕ್ಷಿಸಿಕೊಳ್ಳಬಹುದೇ?
— ಕುವೆಂಪುನಗರ, ಮೈಸೂರು

ಉತ್ತರ: ಅದು ಊದುವುದಲ್ಲ, ಎಳೆಯುವುದು. ಚೆಂಡುಗಳ ಮೇಲಿನ 600, 900, 1200 ಎಂಬುದು ಸೆಕೆಂಡಿಗೆ ಮಿ.ಲೀ. ಲೆಕ್ಕದ ಎಳೆತದ ವೇಗ. ಶಸ್ತ್ರಚಿಕಿತ್ಸೆಯ ನಂತರದ ಉಸಿರಾಟದ ವ್ಯಾಯಾಮಕ್ಕೆ ಸರಿ, ರೋಗಪತ್ತೆಗಲ್ಲ. ಅಸ್ತಮಾ ಇರುವವರು ಮನೆಯಲ್ಲಿ ಅಳೆದುಕೊಳ್ಳಲು, ಊದಿನ ಅತಿ ಹೆಚ್ಚಿನ ವೇಗ ತೋರಿಸುವ ಪೀಕ್ ಫ್ಲೋ ಮೀಟರ್ ಕೊಳ್ಳಲಿ. ಮುಳ್ಳನ್ನು ಸೊನ್ನೆಗೆ ತಂದು, ನಿಂತು, ಎದೆ ತುಂಬಿಸಿ, ಒಂದೇ ಏಟಿಗೆ ಊದಿ, ಮೂರರಲ್ಲಿ ದೊಡ್ಡದನ್ನು ಬರೆದಿಡಿ. ಬೆರಳು ಮುಳ್ಳಿನ ಸೀಳಿಗೆ ಅಡ್ಡ ಬಂದರೆ, ಕೆನ್ನೆ ಉಬ್ಬಿಸಿ ಉಗುಳಿದಂತೆ ಊದಿದರೆ ಅಂಕಿ ಸುಳ್ಳು. ಕಂಪನಿ ಬದಲಿಸಿದರೆ ಹಳೆಯ ಅಂಕಿಗಳ ಜೊತೆ ಹೋಲಿಸಬೇಡಿ, ಮೀಟರಿನ ಮೇಲಿನ ಗುರುತುಗಳಲ್ಲಿ ಹಳೆಯ 'ರೈಟ್' ಅಳತೆ ಬೇರೆ, ಹೊಸ 'ಇಯು' (ಯುರೋಪಿಯನ್) ಅಳತೆ ಬೇರೆ.