ಕ್ಲಿಪ್ ಹಾಕಿಸಿದ ಮೇಲೆ ಒಸಡು ಊದಿದೆ

ಪ್ರಶ್ನೆ: ಮಗಳಿಗೆ 14 ವರ್ಷ. ಹಲ್ಲಿಗೆ ಕ್ಲಿಪ್ ಹಾಕಿಸಿ ಕೆಲವು ತಿಂಗಳಾಯಿತು. ಮುಂದಿನ ಒಸಡು ಊದಿ, ಕ್ಲಿಪ್ಪಿನ ಮೇಲೇ ಇಳಿದಿದೆ. ಉಜ್ಜಿದರೆ ರಕ್ತ ಬರುತ್ತದೆಂದು ಅವಳು ಅಲ್ಲಿ ಬ್ರಷ್ ಮುಟ್ಟಿಸುವುದೇ ಇಲ್ಲ. ಕ್ಲಿಪ್ ತೆಗೆಸಿಬಿಡಲೇ ಡಾಕ್ಟರೇ?
– ಒಬ್ಬ ತಾಯಿ, ಹಾಸನ

ಉತ್ತರ: ಈಗಲೇ ತೆಗೆಸಬೇಡಿ ಅಮ್ಮಾ. ಮೊದಲು ಅವಳಿಗೆ ಧೈರ್ಯ ಹೇಳಿ, ರಕ್ತ ಬರುವ ಜಾಗವನ್ನೇ ಮೃದುವಾದ ಬ್ರಷ್‌ನಿಂದ ಉಜ್ಜಬೇಕು. ತಂತಿಯ ಸುತ್ತ ಕೂತ ಬಿಳಿ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳೇ ಒಸಡನ್ನು ಕೆಣಕುತ್ತವೆ. ಈ ವಯಸ್ಸಿನ ಹಾರ್ಮೋನುಗಳು ಊತವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಊದಿದ ಒಸಡಿನಡಿ ಮತ್ತೆ ಪಾಚಿ ಸೇರುತ್ತದೆ, ಅದರಿಂದ ಮತ್ತೆ ಊತ.

ಬ್ರಷ್ಷನ್ನು ಒಸಡಿನ ಕಡೆಗೆ 45 ಡಿಗ್ರಿ ಓರೆಯಾಗಿ ಹಿಡಿದು, ತಂತಿಯ ಮೇಲೊಮ್ಮೆ, ಕೆಳಗೊಮ್ಮೆ ನಿಧಾನವಾಗಿ ಉಜ್ಜಲಿ. ತಂತಿಯಡಿ ತೂರುವ ಪುಟ್ಟ ಇಂಟರ್‌ಡೆಂಟಲ್ ಬ್ರಷ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ರಾತ್ರಿ ಮಲಗುವ ಮುಂಚಿನ ಉಜ್ಜುವಿಕೆಯನ್ನಂತೂ ತಪ್ಪಿಸಲೇಬಾರದು. ನಾನು ಎಲ್ಲ ಮಕ್ಕಳಿಗೂ ಒತ್ತಿ ಹೇಳುವ ಮಾತಿದು. ಬಾಯಿ ಮುಕ್ಕಳಿಸುವ ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಿ, ಹೆಚ್ಚಾದರೆ ಹಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ. ಉಪ್ಪುನೀರು ಹಿತವೆನಿಸಬಹುದು, ಆದರೆ ಅದು ಪಾಚಿ ತೆಗೆಯದು.

ಈ ವಾರವೇ ಕ್ಲಿಪ್ ಹಾಕಿದ ವೈದ್ಯರಿಗೆ ತೋರಿಸಿ ಹಲ್ಲು ಕ್ಲೀನ್ ಮಾಡಿಸಿ. ಮೂರ್ಛೆರೋಗಕ್ಕೆ ಫೆನಿಟಾಯಿನ್ ಮಾತ್ರೆ ನುಂಗುತ್ತಿದ್ದರೆ ಮರೆಯದೆ ತಿಳಿಸಿ. ಅದರಿಂದಲೂ ಒಸಡು ಬೆಳೆಯುತ್ತದೆ. ಹಾಗೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಕೂಡದು. ಕ್ಲಿಪ್ಪಿನ ತಂತಿಯಲ್ಲಿ ಸಾಮಾನ್ಯವಾಗಿ ಇರುವ ನಿಕ್ಕಲ್ ಲೋಹದ ಅಲರ್ಜಿ ಇದ್ದರೂ ಹೇಳಿ.

ಮೆತ್ತಗಿನ, ಕೆಂಪಗಿನ ಊತ ಶುಚಿತ್ವದಿಂದ ಸಾಮಾನ್ಯವಾಗಿ ಇಳಿಯುತ್ತದೆ. ಗಟ್ಟಿಯಾಗಿ ಉಳಿದ ಭಾಗವನ್ನು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಬ್ಲೇಡ್ ಅಥವಾ ಲೇಸರ್‌ನಿಂದ ಕತ್ತರಿಸಿ ಸರಿಪಡಿಸುತ್ತಾರೆ.