ಅಮ್ಮನ ಚೀನಿ ಕಾಗದಪತ್ರಗಳನ್ನು ಅಕ್ಕನಿಗೆ ಬಿಟ್ಟುಕೊಡಬೇಕೇ? ಭಾಷೆಯೇ ಬಾರದ ನನಗೆ ಅವುಗಳ ಮೇಲೆ ಹಕ್ಕಿದೆಯೇ?

"ನೀನು ಪೂರ್ತಿ ಕನ್ನಡದವಳಾಗಿಬಿಟ್ಟೆ, ನಿನಗೇಕೆ ಇದೆಲ್ಲ" ಅಂತ ನಿಮ್ಮ ಅಕ್ಕ ಅಂದರಲ್ಲ, ಅದೇ ಮಾತನ್ನು ನಾನು ನನ್ನ ತಂಗಿಗೆ ಅಂದವಳು.

ನಮ್ಮದು ಹಕ್ಕಾ ಮನೆ. ಹಕ್ಕಾ ಅಂದರೆ ದಕ್ಷಿಣ ಚೀನಾದ ಒಂದು ಜನ, ಅವರ ಮಾತಿಗೂ ಅದೇ ಹೆಸರು. ಅಜ್ಜಿ, ನಮ್ಮ ಬಾಯಲ್ಲಿ ಆಪೊ, ಗ್ವಾಂಗ್‌ಡಾಂಗ್ ಪ್ರಾಂತ್ಯದ ಮೊಯ್‌ಯೆನ್‌ನಿಂದ ಮದುವೆಯಾಗಿ ಕಲ್ಕತ್ತೆಯ ಟ್ಯಾಂಗ್ರಾಕ್ಕೆ ಬಂದವರು. ತಾತ ಅಲ್ಲಿ ಚರ್ಮ ಹದ ಮಾಡುತ್ತಿದ್ದರು. 1962ರ ಯುದ್ಧವಾದಾಗ ಅಸ್ಸಾಂ, ಡಾರ್ಜಿಲಿಂಗ್ ಕಡೆಯ ಸುಮಾರು 3,000 ಚೀನಿಯರನ್ನು ಮಕ್ಕಳು ಮುದುಕರು ಅನ್ನದೆ ರಾಜಸ್ಥಾನದ ದೇವ್ಲಿ ಶಿಬಿರಕ್ಕೆ ಸಾಗಿಸಿದರು. ಆ ಸುದ್ದಿ ಕೇಳಿ ಆಪೊ ಮನೆಯಲ್ಲಿ ಚೀನಿ ಅಕ್ಷರವಿದ್ದುದನ್ನೆಲ್ಲ ಒಲೆಗೆ ಹಾಕಿದರಂತೆ. ಅಕ್ಕಿ ಡ್ರಮ್ಮಿನೊಳಗೆ ಹೂತಿಟ್ಟ ಒಂದು ಬಿಸ್ಕತ್ತಿನ ಡಬ್ಬಿ ಮಾತ್ರ ಉಳಿಯಿತು. ಅದರಲ್ಲಿ ಊರಲ್ಲಿದ್ದ ಅವರ ಅಕ್ಕ, ಓದುಬಲ್ಲ ಯಾರಿಂದಲೋ ಬರೆಸಿ ಕಳಿಸಿದ 19 ಕಾಗದಗಳಿದ್ದವು.

ಆಮೇಲೆ ಅಪ್ಪ ಬೆಂಗಳೂರಿಗೆ ಬಂದು ಹೋಟೆಲ್ ಅಡುಗೆಮನೆ ಸೇರಿದರು. ನಾವಿಬ್ಬರೂ ಇಲ್ಲೇ ಹುಟ್ಟಿದ್ದು. ಆಪೊ ಬೀದಿಯಲ್ಲಿ ಹಕ್ಕಾ ಆಡುವುದನ್ನೇ ಬಿಟ್ಟಿದ್ದರು. ನನ್ನ ಕಿವಿಗೆ ಒಂದಿಷ್ಟು ಬಿತ್ತು, ತಂಗಿಗೆ ಅದೂ ಇಲ್ಲ.

ಅಪ್ಪ ತೀರಿಕೊಂಡ ಮೇಲೆ ತಂಗಿ ಟೊರಾಂಟೊದಿಂದ ಬಂದಳು, ಡಬ್ಬಿ ಕೇಳಿದಳು. ಮೂರು ದಿನ ಜಗಳ. ಕೊನೆಗೆ ಕಾಗದಗಳನ್ನು ಅವಳಿಗೆ ಕೊಟ್ಟು, ಡಬ್ಬಿಯನ್ನೂ ಲಕೋಟೆಗಳನ್ನೂ ನಾನಿಟ್ಟುಕೊಂಡೆ. ಪಾಲು ಸಮ ಅಂತ ಅವತ್ತು ನಂಬಿದ್ದೆ. ಲಕೋಟೆಗಳಿಗೆ ಹುಳ ಹಿಡಿದಿತ್ತು. ಕೆಳಗಿನ ಮನೆಯ ಹುಡುಗ ಸ್ಟ್ಯಾಂಪ್ ಕೂಡಿಸುತ್ತಿದ್ದ. ಸ್ಟ್ಯಾಂಪ್ ಕತ್ತರಿಸಿ ಅವನಿಗೆ ಕೊಟ್ಟೆ, ಉಳಿದದ್ದು ರದ್ದಿಗೆ ಹೋಯಿತು.

ಎರಡು ವರ್ಷದ ನಂತರ ತಂಗಿಯ ಫೋನ್. ಅಲ್ಲಿ ಕಲ್ಕತ್ತೆಯಿಂದ ಹೋಗಿ ನೆಲೆಸಿದ ಹಕ್ಕಾ ಜನ ಬಹಳ. ಒಬ್ಬ ಹಿರಿಯರು ಎಲ್ಲ ಕಾಗದಗಳನ್ನೂ ಓದಿ ಹೇಳಿದ್ದರು. ಒಂದೊಂದೂ "ಲಾವ್‌ಮೊಯ್", ಅಂದರೆ ತಂಗೀ, ಅಂತ ಶುರುವಾಗುತ್ತದಂತೆ. ಆಮೇಲೆ ಅವರು, ಬರೆದವರು ಯಾವ ಹಳ್ಳಿಯವರು ಅಂತ ಕೇಳಿದ್ದಾರೆ. ತಂಗಿ ನನ್ನನ್ನು ಕೇಳಿದಳು: "ಅಕ್ಕಾ, ಕವರ್ ನಿನ್ ಹತ್ರ ಇದಾವಲ್ವಾ?"

ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನನಗೂ ಆಗಲೇ ಅರ್ಥವಾದದ್ದು. ಮೊಯ್‌ಯೆನ್ ಒಂದು ಊರಲ್ಲ, ನಮ್ಮ ತಾಲ್ಲೂಕಿನಂಥದ್ದು, ಒಳಗೆ ನೂರಾರು ಹಳ್ಳಿ. ತುಮಕೂರು ಕಡೆಯ ಗೌಡರ ಮನೆ ಅಂದರೆ ಎಲ್ಲಿ ಹೋಗಿ ಹುಡುಕುತ್ತೀರಿ? ತಾತನ ಕಡೆಯದನ್ನು ಹೇಗೋ ಪತ್ತೆ ಮಾಡಬಹುದು. ಸಮಾಧಿಕಲ್ಲಿನ ಮೇಲೆ ಮೂಲದ ಊರು ಕೆತ್ತುತ್ತಾರೆ, ವಂಶಾವಳಿ ಪುಸ್ತಕದಲ್ಲಿ ಗಂಡಸರ ಹೆಸರಿರುತ್ತದೆ. ಹೆಣ್ಣುಮಕ್ಕಳ ಹೆಸರನ್ನು ಆ ಹಳೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರೆಯುತ್ತಲೇ ಇರಲಿಲ್ಲ. ಆಪೊ ಅವರ ಅಕ್ಕ ಮದುವೆಯಾಗಿ ಯಾವ ಹಳ್ಳಿಗೆ ಹೋದರು ಅನ್ನುವುದು ಇದ್ದದ್ದು ಲಕೋಟೆಯ ಮೇಲಿನ ವಿಳಾಸದಲ್ಲಿ ಮಾತ್ರ. ಕಾಗದದೊಳಗೆ ಬರೀ "ನಮ್ಮಲ್ಲಿ", "ಇಲ್ಲಿ" ಅಂತಿದೆ. ಅವರ ಮಕ್ಕಳು ಮೊಮ್ಮಕ್ಕಳು ಎಲ್ಲೋ ಇದ್ದಾರೆ. ಅವರ ಮನೆಬಾಗಿಲಿಗಿದ್ದ ದಾರಿಯನ್ನು ನಾನೇ ಕತ್ತರಿಯಿಂದ ಕತ್ತರಿಸಿದೆ. ತಂಗಿ ಬೈಯಲಿಲ್ಲ. ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದಳು.

ಹಾಗಾಗಿ ಯಾರಿಗೆ ಸೇರಬೇಕು ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹಂಚಲೇಬೇಡಿ. ಮೊದಲು ಇಬ್ಬರೂ ಕೂತು ಪ್ರತಿ ಹಾಳೆಯ ಎರಡೂ ಬದಿಯ ಫೋಟೊ ತೆಗೆಯಿರಿ. ಲಕೋಟೆ, ಫೋಟೊಗಳ ಬೆನ್ನು, ಡಬ್ಬಿಯ ತಳದಲ್ಲಿ ಹಾಸಿದ ಕಾಗದ, ಎಲ್ಲವನ್ನೂ. ಆಮೇಲೆ ಡಬ್ಬಿ ಯಾರ ಬೀರುವಿನಲ್ಲಿದ್ದರೇನು.

ಚೀನಾದ ಅಧಿಕೃತ ಭಾಷೆ ಮ್ಯಾಂಡರಿನ್ ಕಲಿತರೆ ಅಕ್ಕ ಒಪ್ಪುತ್ತಾರಾ ಅಂದಿರಿ. ನಿಮ್ಮದೂ ಹಕ್ಕಾ ಮನೆಯಾದರೆ ಅದು ನಿಮ್ಮ ಅಜ್ಜಿಯ ಮನೆಮಾತೇ ಅಲ್ಲ. ಇಷ್ಟವಿದ್ದರೆ ಕಲಿಯಿರಿ, ಅಕ್ಕನ ಪರೀಕ್ಷೆ ಪಾಸಾಗಲಿಕ್ಕೆ ಬೇಡ. ಹಕ್ಕಾ ಅನ್ನುವ ಪದದ ಅರ್ಥವೇ "ಅತಿಥಿ ಮನೆತನ". ಉತ್ತರದಿಂದ ದಕ್ಷಿಣಕ್ಕೆ ವಲಸೆ ಬಂದವರನ್ನು ಅಲ್ಲಿನವರು ಹಾಗೆ ಕರೆದರು. ಚೀನಾದಲ್ಲೇ ನೆಂಟರೆನಿಸಿಕೊಂಡವರ ಮೊಮ್ಮಗಳು ನೀವು. ಕನ್ನಡ ಆಡಿದ್ದಕ್ಕೆ ಆ ಮನೆಯಿಂದ ನಿಮ್ಮನ್ನು ಹೊರಗಿಡುವ ಹಕ್ಕು ಅಕ್ಕನಿಗೆ ಎಲ್ಲಿಂದ ಬಂತು?

ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅತ್ತೆಯೋ ಚಿಕ್ಕಮ್ಮನೋ ಇದ್ದರೆ ಈ ಭಾನುವಾರವೇ ಇಬ್ಬರೂ ಒಟ್ಟಿಗೆ ಹೋಗಿ. ಮನೆಯ ಹೆಂಗಸರು ಒಬ್ಬೊಬ್ಬರೂ ಯಾವ ಹಳ್ಳಿಯಿಂದ ಬಂದವರು ಅಂತ ಕೇಳಿ, ಅವರ ಕೈಯಲ್ಲೇ ಬರೆಸಿಕೊಳ್ಳಿ.