ಗಲ್ಲಾದ ಮೇಲಿನ ಉಬುಂಟು: ಅಪ್‌ಡೇಟ್ ಯಾವಾಗ, ಎಷ್ಟು?

ಪ್ರಶ್ನೆ: ಮಾಟುಂಗಾದಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲ್. ಬಿಲ್ಲಿಂಗ್ ಕಂಪ್ಯೂಟರಿಗೆ ಅಕ್ಕನ ಮಗ ವಿಂಡೋಸ್ ಬದಲು ಉಬುಂಟು 22.04 ಅನ್ನುವ ಲಿನಕ್ಸ್ ಹಾಕಿಕೊಟ್ಟಿದ್ದಾನೆ. ಹೋದ ತಿಂಗಳು ಅವನೇ ಬಂದು ಎಲ್ಲ ಅಪ್‌ಡೇಟ್ ಮಾಡಿದ. ಮರುದಿನ ಪ್ರಿಂಟರಿನಿಂದ ಬಿಲ್ಲೇ ಬರಲಿಲ್ಲ, ಮಧ್ಯಾಹ್ನದವರೆಗೆ ಕೈಯಲ್ಲಿ ಬರೆದುಕೊಟ್ಟೆವು. ಬಿಲ್ಲಿಂಗ್ ಪ್ರೋಗ್ರಾಂ ಮಾಡಿಕೊಟ್ಟವರು ‘ನಡೆಯುತ್ತಿರುವುದನ್ನು ಮುಟ್ಟಬೇಡಿ’ ಅನ್ನುತ್ತಾರೆ. ಹುಡುಗನ ಲ್ಯಾಪ್‌ಟಾಪಿನಲ್ಲಿ ಆರ್ಚ್ ಅನ್ನುವ ಇನ್ನೊಂದು ಲಿನಕ್ಸ್ ಇದೆ. ‘ಇದಕ್ಕೂ ಅದನ್ನೇ ಹಾಕೋಣ ಮಾಮ, ಯಾವಾಗಲೂ ಹೊಸತೇ ಇರುತ್ತದೆ’ ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದ್ದೂ ಪೂರ್ತಿ ಕೇಳಬೇಡಿ. ಅಪ್‌ಡೇಟ್ ಅನ್ನುವ ಒಂದೇ ಹೆಸರಿನಲ್ಲಿ ಬೇರೆ ಬೇರೆ ಕೆಲಸಗಳಿವೆ, ಗಲಾಟೆ ಅಲ್ಲೇ.

ಮೊದಲನೆಯದು ಭದ್ರತೆಯ ತೇಪೆ. 22.04 ಥರದ ಎಲ್‌ಟಿಎಸ್ (ಬಹುಕಾಲ ಬೆಂಬಲ ಸಿಗುವ) ಆವೃತ್ತಿಯಲ್ಲಿ ಸಾಮಾನ್ಯವಾಗಿ ಪ್ರೋಗ್ರಾಂ ಹಳೆಯದೇ ಇರುತ್ತದೆ, ತೂತು ಮಾತ್ರ ಮುಚ್ಚುತ್ತಾರೆ. ಹಾಗಾಗಿ ಕೆಡುವ ಸಂಭವ ಕಡಿಮೆ. ಇದನ್ನು ತಾನಾಗಿ ಹಾಕಲು ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ಉಬುಂಟುವಿನಲ್ಲಿ ಮೊದಲೇ ಇದೆ. ಅದನ್ನು ನಿಲ್ಲಿಸಬೇಡಿ. ಇಂಟರ್‌ನೆಟ್ಟೇ ಇಲ್ಲದ ಕಂಪ್ಯೂಟರಾದರೆ ‘ಮುಟ್ಟಬೇಡಿ’ ಸರಿ, ನಿಮ್ಮದು ಹಾಗಿಲ್ಲ ಅಲ್ವಾ?

ಆದರೆ ಹೊತ್ತು ಬದಲಿಸಿ. ಅದು ಹಾಕಿಕೊಳ್ಳುವುದು ಬೆಳಿಗ್ಗೆ 6ರಿಂದ 7ರ ನಡುವೆ. ಆಗ ಕಂಪ್ಯೂಟರ್ ಬಂದ್ ಇದ್ದರೆ, ಆಮೇಲೆ ಚಾಲೂ ಮಾಡಿದಾಗ ಶುರು ಹಚ್ಚಿಕೊಳ್ಳುತ್ತದೆ. ಅಂದರೆ ಸರಿಯಾಗಿ ನಿಮ್ಮ ಇಡ್ಲಿ-ಕಾಫಿ ರಶ್ಶಿನಲ್ಲಿ! ‘ಆಪ್ಟ್-ಡೈಲಿ-ಅಪ್‌ಗ್ರೇಡ್’ ಟೈಮರನ್ನು ಮಧ್ಯಾಹ್ನ 3ಕ್ಕೆ ಇಡಲು ಹುಡುಗನಿಗೆ ಹೇಳಿ. ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲಿನ ಬಿಡುವು ಅದಕ್ಕೆ ಸಾಕು. ಹೊಸ ಹೊತ್ತು ಬರೆಯುವ ಮೊದಲು, ಟೈಮರಿನ ಹೊತ್ತು ಹೇಳುವ ‘ಆನ್‌ಕ್ಯಾಲೆಂಡರ್’ ಸಾಲನ್ನು ಒಮ್ಮೆ ಖಾಲಿ ಬರೆಯಬೇಕು. ಇಲ್ಲದಿದ್ದರೆ ಬೆಳಗಿನದೂ ಉಳಿಯುತ್ತದೆ. ಎಷ್ಟೋ ಜನ ಇಲ್ಲಿ ಎಡವುತ್ತಾರೆ. ಕರ್ನಲ್‌ನ (ಸಿಸ್ಟಮ್ಮಿನ ತಿರುಳಿನ) ತೇಪೆ ಮಾತ್ರ ಸಾಮಾನ್ಯವಾಗಿ ರೀಸ್ಟಾರ್ಟ್ ಮಾಡದೆ ಜಾರಿಗೆ ಬರುವುದಿಲ್ಲ. ರಾತ್ರಿ ಗಲ್ಲಾ ಮುಚ್ಚುವಾಗ ಕಂಪ್ಯೂಟರ್ ಬಂದ್ ಮಾಡುತ್ತೀರಾದರೆ ಅದೂ ಆಯಿತು.

ಉಳಿದೆಲ್ಲ ಅಪ್‌ಡೇಟನ್ನು ತಿಂಗಳಿಗೊಮ್ಮೆ, ಹೋಟೆಲಿಗೆ ರಜೆ ಇದ್ದ ದಿನ, ಕೈಯಾರೆ ಮಾಡಿಸಿ. ಮೊದಲು ಟೈಮ್‌ಶಿಫ್ಟ್ ಅನ್ನುವ ಪ್ರೋಗ್ರಾಂನಲ್ಲಿ ಒಂದು ಸ್ನ್ಯಾಪ್‌ಶಾಟ್, ಅಂದರೆ ಸಿಸ್ಟಮ್ಮಿನ ಆ ಹೊತ್ತಿನ ನಕಲು. ಅದು ಸಿಸ್ಟಮ್ಮನ್ನು ಹಿಂದಕ್ಕೆ ತರುತ್ತದೆ, ನಿಮ್ಮ ಕಡತಗಳನ್ನಲ್ಲ. ಬಿಲ್ಲಿನ ಲೆಕ್ಕ ಬೇರೆಯಾಗಿ ಪೆನ್‌ಡ್ರೈವಿನಲ್ಲಿ ಇರಲಿ. ಎಲ್ಲ ಮುಗಿದ ಮೇಲೆ ಒಂದು ಮಸಾಲೆ ದೋಸೆಯ ಬಿಲ್ ಸುಮ್ನೆ ಪ್ರಿಂಟ್ ಮಾಡಿ ನೋಡಿ. ಹೋದ ತಿಂಗಳು ಬಿಟ್ಟುಹೋದದ್ದು ಇದೇ. ಪ್ರಿಂಟರ್ ಡ್ರೈವರೇ ಕಾರಣ ಅಂತ ಖಾತ್ರಿಯಾದರೆ ಆ ಒಂದು ಪ್ಯಾಕೇಜನ್ನು ‘ಆಪ್ಟ್-ಮಾರ್ಕ್ ಹೋಲ್ಡ್’ ಅಂತ ತಡೆದಿಡಬಹುದು. ಆಗ ಅದಕ್ಕೆ ಭದ್ರತೆಯ ತೇಪೆಯೂ ಬರುವುದಿಲ್ಲ, ಹಾಗಾಗಿ ತಡೆದದ್ದನ್ನು ಮರೆಯಬೇಡಿ.

ಆರ್ಚ್ ಒಳ್ಳೆಯದೇ, ಹುಡುಗನಿಗೆ. ಅದರಲ್ಲಿ ಒಂದಷ್ಟು ಮಾತ್ರ ಅಪ್‌ಡೇಟ್ ಮಾಡಿ ಉಳಿದದ್ದು ಬಿಡುವ ಹಾಗಿಲ್ಲ. ಮಾಡಿದರೆ ಎಲ್ಲವೂ ಒಟ್ಟಿಗೆ. ಹೊಸತಾದ ಮಾತ್ರಕ್ಕೆ ಕ್ಷೇಮ ಅಂತಲೂ ಇಲ್ಲ. 2024ರ ಮಾರ್ಚಿನಲ್ಲಿ ಎಕ್ಸ್‌ಜೆಡ್ ಅನ್ನುವ ಪ್ಯಾಕೇಜಿನ 5.6.0 ಮತ್ತು 5.6.1ರಲ್ಲಿ ಹೊರಗಿನವರು ಗುಟ್ಟಾಗಿ ಒಳನುಗ್ಗುವ ಕಳ್ಳಬಾಗಿಲು ಸಿಕ್ಕಿತು. ಅದು ತಲುಪಿದ್ದು ಹೆಚ್ಚಾಗಿ ಸದಾ ಹೊಸತನ್ನು ಕೊಡುವ ಆವೃತ್ತಿಗಳಿಗೆ ಮತ್ತು ಪರೀಕ್ಷೆಯ ಆವೃತ್ತಿಗಳಿಗೆ. ನಿಮ್ಮ 22.04ರಲ್ಲಿ ಅದು ಇರಲೇ ಇಲ್ಲ. ಗಲ್ಲಾದ ಕಂಪ್ಯೂಟರಿಗೆ ನಾನಂತೂ ಎಲ್‌ಟಿಎಸ್ ಬಿಟ್ಟು ಬೇರೆ ಹೇಳುವುದಿಲ್ಲ.

ಇನ್ನು ಆವೃತ್ತಿಯನ್ನೇ ಬದಲಿಸುವುದು. 22.04ಕ್ಕೆ ಮಾಮೂಲಿ ಬೆಂಬಲ 2027ರವರೆಗೆ. ಅದಕ್ಕೆ ಮೊದಲೇ ಒಂದು ರಜಾ ದಿನ 24.04ಕ್ಕೆ ಹೋಗಿ. ಬಿಲ್ಲಿಂಗ್‌ನವರನ್ನು ಮುಂಚೆಯೇ ಕೇಳಿಕೊಳ್ಳಿ. ಅರ್ಧದಲ್ಲಿ ಕರೆಂಟ್ ಹೋದರೆ ಫಜೀತಿ, ಯುಪಿಎಸ್ ಬ್ಯಾಟರಿ ಒಮ್ಮೆ ನೋಡಿಕೊಳ್ಳಿ.

ಅಂದ ಹಾಗೆ, ಗಿರಾಕಿಗಳಿಗೆ ಕೊಡುವ ವೈಫೈಗೇ ಬಿಲ್ಲಿಂಗ್ ಕಂಪ್ಯೂಟರನ್ನೂ ಜೋಡಿಸಿದ್ದರೆ, ಮೊದಲು ಅದನ್ನು ಬೇರೆ ಮಾಡಿಸಿ. ಅಪ್‌ಡೇಟ್ ನಾಳೆಯಾದರೂ ಆದೀತು.